ನೋಯದ ಸಹಿ

ಖಂಡನಾಪತ್ರಕ್ಕೆ ಸಹಿ ಹಾಕುವವರ ಕೈಗೆ, ಅದರಲ್ಲಿ ಹೆಸರಿಸಿದ ಕೈದಿಯ ಆ ಹೊತ್ತಿನ ನೋವು ಪೆನ್ನಿನಿಂದಲೇ ತಟ್ಟಬೇಕೆಂಬ ಕಾನೂನು ಬಂದು ಒಂಬತ್ತು ವರ್ಷವಾಗಿತ್ತು. ಅಂದಿನಿಂದ ರಾಯಭಾರ ಕಚೇರಿಗಳಲ್ಲಿ ಶಾಯಿಗಿಂತ ಮುಲಾಮೇ ಹೆಚ್ಚು ಖರ್ಚಾಗುತ್ತಿತ್ತು.

ಕಿರಿಯ ಅಧಿಕಾರಿ ವಾರಿಜಾ ಮೊದಲು ತಾನೇ ಸಹಿ ಹಾಕಿ, ಕಿರುಚಿ, ಬೆರಳಿಗೆ ಬಟ್ಟೆ ಸುತ್ತಿಕೊಂಡು ಮಿತ್ರರಾಷ್ಟ್ರಗಳ ಬಾಗಿಲು ಬಾಗಿಲು ಅಲೆದಿದ್ದಳು. ಕಡಲಾಚೆಯ ಸೆರೆಮನೆಯೊಂದರಲ್ಲಿ ದಿನಕ್ಕೊಂದು ಉಗುರು ಕೀಳಿಸಿಕೊಳ್ಳುತ್ತಿದ್ದ ಜರೀಲಾ ಎಂಬ ನೇಕಾರಗಿತ್ತಿಯ ಪರವಾದ ಪತ್ರ ಅದು. ಹದಿನೇಳು ದೇಶದವರೂ ಕಾಫಿ ಕೊಟ್ಟರು, ಕಣ್ಣು ಒರೆಸಿಕೊಂಡರು. ಪೆನ್ನು ಕಾಗದಕ್ಕೆ ತಾಗಿದೊಡನೆ ಕೈ ಹಿಂದೆಗೆದುಕೊಂಡರು.

ಮೂರನೆಯ ದಿನ ರಾಯಭಾರಿ ಕುಲಗೋಡ ಸಾಹೇಬರು ಅವಳನ್ನು ಕರೆಸಿದರು.

“‘ಚಿತ್ರಹಿಂಸೆ’ ತಗದು ‘ಅನಾನುಕೂಲ’ ಅಂತ ಹಾಕವಾ. ಆ ಹೆಣ್ಣುಮಗಳ ಹೆಸರೂ ಬ್ಯಾಡ. ಪಾಪ, ಸಹಿ ಹಾಕೋರದೂ ಕೈನ ಅಲ್ಲೇನು?”

“ಹೆಸರೇ ಇಲ್ದಿದ್ರೆ ಈ ಪತ್ರ ಯಾರಿಗೋಸ್ಕರ ಸರ್?” ಎಂದಳು ವಾರಿಜಾ.

“ಒಗ್ಗಟ್ಟಿನ ಸಲುವಾಗಿ.”

ಸಂಜೆಯೊಳಗೆ ತಿದ್ದಿದ ಪತ್ರಕ್ಕೆ ಹದಿನೇಳೂ ಸಹಿ ಬಿದ್ದವು. ಒಬ್ಬರೂ ಹಾ ಎನ್ನಲಿಲ್ಲ. ಬಾವುಟಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಕುಲಗೋಡರು ಎಲ್ಲರೆದುರು ಅವಳಿಗೆ ಶಹಬ್ಬಾಸ್ ಅಂದರು.

ಸಭಾಂಗಣ ಖಾಲಿಯಾದ ಮೇಲೆ ವಾರಿಜಾ ಮೊದಲ ಕರಡನ್ನು ತೆಗೆದಳು. ಹಲ್ಲು ಕಚ್ಚಿಕೊಂಡು, ಜರೀಲಾಳ ಹೆಸರಿನ ಕೆಳಗೆ ಇನ್ನೊಮ್ಮೆ ಸಹಿ ಹಾಕಿದಳು. ಪೆನ್ನು ಬೆಣ್ಣೆಯ ಮೇಲೆ ಓಡಿದಂತೆ ಓಡಿತು. ಕೆಟ್ಟುಹೋಗಿರಬೇಕೆಂದುಕೊಂಡು ಬೇರೊಬ್ಬ ಕೈದಿಯ ಹೆಸರಿದ್ದ ಖಂಡನಾಪತ್ರ ಎಳೆದು ಅದಕ್ಕೆ ಸಹಿ ಗೀಚಿದಳು. ಮೊಣಕೈವರೆಗೂ ಬೆಂಕಿ ಹತ್ತಿದಂತಾಯಿತು.

ಪೆನ್ನು ಸರಿಯಾಗಿಯೇ ಇತ್ತು. ನೋಯುವುದಕ್ಕೆ ಜರೀಲಾ ಉಳಿದಿರಲಿಲ್ಲ.