ಕೊನೆಗೆ ಉಳಿದ ಜೋಡಿ

ಮದುವೆ ನಿರೂಪಣೆಗೆ ಹೆಸರಾಗಿದ್ದ ಗುರುಪಾದ ಮೇಷ್ಟ್ರು ಮೈಕ್ ಮುಟ್ಟದೆ ಮೂರು ವರ್ಷವಾಯಿತು. ಈಗಲೂ ಯಾರಾದರೂ ಕರೆದರೆ ಅವರ ತಲೆ ತಾನಾಗಿ ತಗ್ಗುತ್ತದೆ.

ಆವತ್ತಿನ ಆರತಕ್ಷತೆಯಲ್ಲಿ ಜನ ಆಕಳಿಸುತ್ತಿದ್ದರು. ಮೇಷ್ಟ್ರು ಒಂದು ಆಟ ಹೂಡಿದರು. ಮದುವೆಯಾದವರನ್ನೆಲ್ಲ ಎಬ್ಬಿಸಿ ನಿಲ್ಲಿಸಿ, "ಹತ್ತು ವರ್ಷ ತುಂಬದವರು ಕೂತ್ಕೊಳ್ಳಿ, ಇಪ್ಪತ್ತು ತುಂಬದವರು ಕೂತ್ಕೊಳ್ಳಿ" ಎನ್ನುತ್ತಾ ಹೋದರು. ಕೊನೆಗೆ ಮೂವತ್ತು ವರ್ಷದ ಒಂದು ಜೋಡಿ ಉಳಿಯಿತು. ಇಬ್ಬರನ್ನೂ ವೇದಿಕೆಗೆ ಕರೆದು, ಹಾರ ಹಾಕಿ, "ಸಂಸಾರ ಅಂದ್ರೆ ಹೀಗಿರಬೇಕು ನೋಡಿ!" ಎಂದರು. ಚಪ್ಪಾಳೆ ಯಾಕೋ ಜೋರಾಗಿ ಬೀಳಲಿಲ್ಲ.

ಆಗ ಹಿಂದಿನ ಸಾಲಿನಲ್ಲಿ ಇನ್ನೂ ಒಬ್ಬರೇ ನಿಂತಿದ್ದ ಹೆಂಗಸು ಕಣ್ಣಿಗೆ ಬಿದ್ದರು.

"ಅಮ್ಮಾ, ನಿಮ್ಮ ಮದುವೆಯಾಗಿ ಎಷ್ಟು ವರ್ಷ?"

"ಮೂವತ್ತಾರು."

"ಅಯ್ಯೋ, ಹಾಗಾದ್ರೆ ಗೆದ್ದೋರು ನೀವೇ! ಯಜಮಾನ್ರೆಲ್ಲಿ? ನಿಮ್ಮನ್ನ ಬಿಟ್ಟು ಊಟಕ್ಕೆ ಓಡಿಬಿಟ್ರಾ?"

ಸಭೆಯಲ್ಲಿ ಒಬ್ಬರೂ ನಗಲಿಲ್ಲ. ಆಕೆ ವೇದಿಕೆಯತ್ತ ಕೈ ತೋರಿಸಿದರು.

"ಅಲ್ಲೇ ಇದ್ದಾರಲ್ಲ ಮೇಷ್ಟ್ರೇ. ಈಗ ತಾನೆ ನೀವೇ ಹಾರ ಹಾಕಿದ್ರಿ."