ಹೊರಳುವ ಮುನ್ನ

ಆ ಊರಿನಲ್ಲಿ ನೀರಿನ ಸರದಿಯಂತೆ ಗಾಯಗೊಂಡವರಿಗೆ ತಮ್ಮ ಮೈಯ ಮಾಂಸ ಕೊಡುವ ಸರದಿಯೂ ಮನೆಮನೆಗೆ ಬರುತ್ತಿತ್ತು. ಈ ಸಲ ನೀಲವ್ವನದು. ಅವಳ ಮೀನಖಂಡದ ಒಂದು ಪದರವನ್ನು ಅರ್ಧ ಬಿಡಿಸಿ, ಹಿಟ್ಟಿನ ಗಿರಣಿಯ ಬೆಲ್ಟಿಗೆ ಸಿಕ್ಕು ಮೂಳೆ ಕಾಣುತ್ತಿದ್ದ ಜುಬೇದಾಳ ಕಾಲಿಗೆ ಹೊಲಿದಿದ್ದರು. ಇಪ್ಪತ್ತು ದಿನಗಳಿಂದ ಇಬ್ಬರೂ ಒಂದೇ ಮಂಚದಲ್ಲಿದ್ದರು. ಒಬ್ಬಳು "ಹೊರಳ್ತೀನಿ" ಎಂದು, ಇನ್ನೊಬ್ಬಳು "ಹೂಂ" ಎಂದ ಮೇಲೆಯೇ ಅಲುಗಬೇಕು. ಇಲ್ಲವಾದರೆ ಹೊಲಿಗೆ ಹರಿಯುತ್ತದೆ.

ಇಂದು ಡಾಕ್ಟರು ನೀಲವ್ವನ ರಕ್ತ ಆಚೆ ಹರಿಯದಂತೆ ನಡುವಿನ ಚರ್ಮದ ಸೇತುವೆಗೆ ರಬ್ಬರ್ ಬಿಗಿದರು. "ಅರ್ಧ ತಾಸು ನೋಡೋಣ. ಜುಬೇದಾನ ರಕ್ತ ಸಾಲದೆ ಪದರ ಕಪ್ಪಾದ್ರ ಇನ್ನೂ ಮೂರು ವಾರ ಹಿಂಗ ಇರಬೇಕು."

ನೀಲವ್ವನ ಸೊಂಟ ಸತ್ತಂತಾಗಿತ್ತು. ಇನ್ನು ಮೂರು ದಿನವೂ ತನ್ನಿಂದಾಗದು ಎನಿಸಿತು.

"ಕಪ್ಪಾತಂದ್ರ ನೀವು ಬಿಡಿಸ್ಕೊಂಡು ಹೋಗ್ರಿ ಅಕ್ಕಾರ," ಎಂದಳು ಜುಬೇದಾ. "ಡಾಕ್ಟರಿಗೆ ನಾ ಹೇಳ್ತೀನಿ."

"ನಾ ಹೋಗಿ ನಿನ್ನ ಕಾಲು ಕಳೀಲೇನು? ಸುಮ್ನ ಮಲಗು."

ಅರ್ಧ ತಾಸಾದರೂ ಪದರ ಬೆಚ್ಚಗೆ, ಕೆಂಪಗೇ ಇತ್ತು. ಡಾಕ್ಟರು ಸೇತುವೆ ಕತ್ತರಿಸಿ, ನೀಲವ್ವನನ್ನು ಪಕ್ಕದ ಮಂಚಕ್ಕೆ ಸಾಗಿಸಿ ನಡುವೆ ಪರದೆ ಎಳೆದರು. ಮಧ್ಯಾಹ್ನ ಮಗ್ಗುಲು ಬದಲಿಸಬೇಕೆನಿಸಿ ಅವಳು "ಹೊರಳ್ತೀನಿ" ಎಂದಳು. ಎಂದವಳು ಹಾಗೇ ಕಾದಳು.

ಪರದೆಯ ಆಚೆಯಿಂದ ಅರೆನಿದ್ದೆಯ ದನಿ ಬಂತು.

"ಹೂಂ, ಹೊರಳ್ರಿ ಅಕ್ಕಾರ."