ತಡೆಹಿಡಿದ ಕಂತು

ಮೂರು ತಿಂಗಳಿಂದ ಹುಡುಗಿ ಕಾಲೇಜನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಆಂಡಾಳ್‌ಗೆ ಅನುಮಾನ ಹುಟ್ಟಿದ್ದೇ ಅದರಿಂದ.

ಹಾಜರಿ ಪಟ್ಟಿಯ ಪ್ರಕಾರ ಅದಕ್ಕೂ ಮುಂಚೆ ಗಗನ ಪ್ರತಿ ತಿಂಗಳ ಎರಡನೇ ವಾರ ಮೂರು ದಿನ ಗೈರುಹಾಜರಾಗುತ್ತಿದ್ದಳು. ಹೆಣ್ಣಾದವಳಿಗೆ ಇದನ್ನು ಬಿಡಿಸಿ ಹೇಳಬೇಕೇ? ಆ ಮೂರು ದಿನಗಳು ಈಗ ಏಕಾಏಕಿ ನಿಂತುಹೋಗಿದ್ದವು. ಸಾಲದ್ದಕ್ಕೆ, ಮೂರು ತಿಂಗಳ ಹಿಂದೆ ಮಳವಳ್ಳಿಯಿಂದ ಅಂಚೆಯಲ್ಲಿ ಬಂದಿದ್ದ ಹೆಸರಿಲ್ಲದ ಕಾಗದ: ‘ಗಗನಳಿಗೆ ಗುಟ್ಟಾಗಿ ಮದುವೆಯಾಗಿದೆ. ಅವಳಿಗೆ ದುಡ್ಡು ಕೊಡಬೇಡಿ.’ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಆಂಡಾಳ್‌ಗೆ ಹೊಳೆದದ್ದು ಒಂದೇ ಮಾತು, ಬಸಿರು. ಹುಡುಗಿಗೆ ಇನ್ನೂ ಹದಿನೇಳು.

ಆಂಡಾಳ್ ಮಂಡ್ಯದ ಒಂದು ಸೇವಾಸಂಸ್ಥೆಯಲ್ಲಿ ತಪಾಸಣೆಯ ಕೆಲಸ ಮಾಡುತ್ತಿದ್ದಳು. ಮದುವೆಯಾಗದೆ ಓದುತ್ತಿರುವ ಹುಡುಗಿಯರ ಖಾತೆಗೆ ತಿಂಗಳ ಎಂಟನೇ ತಾರೀಖು ಎರಡು ಸಾವಿರ ರೂಪಾಯಿ ಹಾಕುವುದು ಸಂಸ್ಥೆಯ ಯೋಜನೆ. ಕೈಯಲ್ಲಿ ಸ್ವಂತ ಕಾಸಿರುವ ಹುಡುಗಿ ಯಾವ ಗಂಡಸಿನ ಏಟನ್ನೂ ಸಹಿಸಬೇಕಾಗಿಲ್ಲ ಎಂಬುದು ಅದರ ನಂಬಿಕೆ. ಆಂಡಾಳ್‌ದೂ ಅದೇ ನಂಬಿಕೆ. ಬಸ್ ಚಾರ್ಜಿಗೂ ಗಂಡನ ಮುಂದೆ ಕೈಯೊಡ್ಡಿ, ಕಾಸಿಗೆ ಮುಂಚೆ ಕಪಾಳಕ್ಕೆ ಏಟು ತಿನ್ನುತ್ತಿದ್ದ ಅಕ್ಕನನ್ನು ಕಣ್ಣಾರೆ ಕಂಡವಳು ಅವಳು.

ದೂರು ಬಂದರೆ ಮನೆಗೇ ಹೋಗಿ ವಿಚಾರಿಸಬೇಕು, ಅಲ್ಲಿಯವರೆಗೆ ಕಂತು ತಡೆಹಿಡಿಯಬೇಕು. ನಲವತ್ತು ಹಳ್ಳಿಗೆ ಇದ್ದವಳು ಇವಳೊಬ್ಬಳು. ಮದ್ದೂರು ರಸ್ತೆಯಿಂದ ಒಳಗಿದ್ದ ಆ ಊರಿಗೆ ಸ್ಕೂಟರು ತಿರುಗಿಸುವಷ್ಟರಲ್ಲಿ ಮೂರು ಕಂತು ನಿಂತಿದ್ದವು.

ಗಗನಳ ಅಜ್ಜಿ ಚಿಕ್ಕಬೋರಮ್ಮ ಜಗುಲಿಯ ಮೇಲೆ ರೇಷ್ಮೆಹುಳುವಿಗೆ ಸೊಪ್ಪು ಕತ್ತರಿಸುತ್ತಿದ್ದಳು. ಬಂದ ವಿಷಯ ಕೇಳಿದ್ದೇ ತಡ, ಮಚ್ಚು ಕೆಳಗಿಟ್ಟಳು.

“ಮದ್ವೆನಾ? ಯಾವೋನವ್ವ ಅಂಗಂದೋನು? ಅವನ ಬಾಯಿಗೆ ಮಣ್ಣಾಕ! ತಂದೆ ತಾಯಿ ಇಲ್ಲದ ಮಗ ಕಣಮ್ಮ ಅದು.”

“ಮುಂಚೆ ತಿಂಗಳಿಗೆ ಮೂರು ದಿನ ರಜೆ ಹಾಕ್ತಿದ್ಲಲ್ಲ ಅಜ್ಜಿ?” ಆಂಡಾಳ್ ಮೆತ್ತಗೆ ಕೇಳಿದಳು.

“ಊಂ, ಒಟ್ಟೆನೋವು ಅಂತ ಗ್ವಾಡೆ ಕಡೀಕೆ ತಿರುಗಿ ಮನೀಕತಿತ್ತು. ಮುಟ್ಟಕ್ಕೂ ಬುಡ್ತಿರ್ನಿಲ್ಲ. ಮುತ್ತತ್ತಿ ಅನ್ಮಪ್ಪಂಗೆ ಅರಕೆ ಕಟ್ಕಂಡೆ ನೋಡು, ಮೂರು ತಿಂಗಳಿಂದ ಆ ನೋವೇ ಇಲ್ಲ!”

ಮುದುಕಿ ಹಿಗ್ಗುತ್ತಿದ್ದರೆ ಆಂಡಾಳ್ ಅನುಮಾನ ಇನ್ನೂ ಗಟ್ಟಿಯಾಯಿತು. ಇಂಥದ್ದನ್ನು ಕೇಳುವುದು ಹೇಗೆ? ಕೇಳದೆ ಎದ್ದುಹೋಗುವುದು ಹೇಗೆ? ಕೊನೆಗೆ ಕಣ್ಣು ಮುಚ್ಚಿಕೊಂಡು ಕೇಳಿಯೇಬಿಟ್ಟಳು.

“ಹುಡುಗಿ ಮುಟ್ಟಾಗಿ ಎಷ್ಟು ದಿನ ಆಯ್ತಜ್ಜಿ?”

ಚಿಕ್ಕಬೋರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಓಹೋ, ಅಲ್ಲಿಗಂಟ ಓಯ್ತಾ ನಿಮ್ಮ ಬುದ್ದಿ? ಓದ್ ವಾರ ತಾನೆ ಆಗಿತ್ತು ಕಣಮ್ಮ. ಆ ದಿನಾನೂ ಕಾಲೇಜು ಬುಡ್ನಿಲ್ಲ. ನಂಬಿಕೆ ಇಲ್ದಿದ್ರೆ ಡಾಕ್ಟ್ರತ್ರ ಕರ್ಕಂಡೋಗಿ ತೋರ್ಸು.”

ಆಂಡಾಳ್‌ಗೆ ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ಸಮಾಧಾನ ದೊಡ್ಡದಾಗಿತ್ತು. ಅವಳಿಗೆ ಆ ಹೊತ್ತಿಗೆ ಬೇಕಾದದ್ದು ಅಷ್ಟೇ. ಮುಂದೆ ಏನನ್ನೂ ಕೇಳಲಿಲ್ಲ.

ಸಂಜೆ ಬಸ್ಸಿಗೆ ಗಗನ ಬಂದಳು. ಕತ್ತು ಬರಿದು, ಮುಖದಲ್ಲಿ ಕಳೆ. ಆಂಡಾಳನ್ನು ನೋಡಿ ಅಂಗಳದಲ್ಲೇ ನಿಂತಳು.

“ದುಡ್ಡು ನಿಂತು ಕಷ್ಟ ಆಯ್ತೇನಮ್ಮ?”

“ಇಲ್ಲ ಮೇಡಂ. ಚೆನ್ನಾಗಿದೀನಿ.”

“ಪುಸ್ತಕ, ಬಸ್ಸು, ಇದಕ್ಕೆಲ್ಲ?”

“ಭಾನುವಾರ ಸೊಪ್ಪು ಕುಯ್ಯಕ್ಕೆ ಓಯ್ತೀನಿ. ಅದ್ರಲ್ಲೇ ಆಯ್ತದೆ.” ಅಜ್ಜಿಯ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದಳು. “ನನಗೆ ಬ್ಯಾಡ ಮೇಡಂ. ಬೇರೆ ಯಾರಿಗಾರ ಕೊಡಿ.”

ಎಂಥ ಸ್ವಾಭಿಮಾನ! ಆಂಡಾಳ್ ಕಣ್ಣು ತೇವವಾಯಿತು. ಇಂಥ ಮಗುವಿನ ಅನ್ನಕ್ಕೆ ಯಾವನೋ ಪಾಪಿ ಕಲ್ಲು ಹಾಕಿದ್ದಾನೆ. ನಾಳೆ ನೋಡೋಣ ಎನ್ನುವ ಜಾಯಮಾನ ಅವಳದಲ್ಲ. ಅಲ್ಲೇ ಟ್ಯಾಬ್ ತೆರೆದು ‘ದೂರು ಸುಳ್ಳು’ ಎಂದು ನಮೂದಿಸಿ ಒತ್ತಿದಳು. ತಡೆಹಿಡಿದಿದ್ದ ಮೂರೂ ಕಂತು ಒಟ್ಟಿಗೆ ಹೋದವು. ಅಕ್ಕ ತಿಂದ ಏಟುಗಳಿಗೆಲ್ಲ ಇಂದು ಒಂದಿಷ್ಟು ಉತ್ತರ ಕೊಟ್ಟೆ ಅನ್ನಿಸಿತು ಅವಳಿಗೆ.

“ಆರು ಸಾವಿರವೂ ಬಂತಮ್ಮ. ಮೆಸೇಜು ನೋಡ್ಕೋ.”

ಚಿಕ್ಕಬೋರಮ್ಮ ಮುತ್ತತ್ತಿ ಹನುಮಪ್ಪನಿಗೆ ಕೈಮುಗಿದು ಕಾಫಿ ಕಾಯಿಸಲು ಒಳಗೆ ಓಡಿದಳು. ಗಗನ ಫೋನು ತೆಗೆಯಲಿಲ್ಲ. ಮುಖ ಬಿಳಿಚಿಕೊಂಡಿತ್ತು.

“ವಾಪಸ್ ತಗಳಕ್ಕಾಗಲ್ವಾ ಮೇಡಂ?”

“ಯಾಕಮ್ಮ? ನಿನ್ನ ದುಡ್ಡು ಅದು.”

“ಆ ಕಾಗದ ಬರ್ದಿದ್ದು ನಾನೇ.”

ಆಂಡಾಳ್‌ಗೆ ಕೇಳಿಸಿತು, ಅರ್ಥವಾಗಲಿಲ್ಲ. “ನೀನಾ? ನಿನ್ನ ಮೇಲೆ ನೀನೇ?”

“ಮೆಸೇಜು ಓಗದು ಯತೀಶನ ಫೋನಿಗೆ ಮೇಡಂ. ಪ್ರೀತಿ ಮಾಡ್ತೀನಿ ಅಂತ ಇಂದೆ ಬಿದ್ದಿದ್ದ, ನಾನೂ ನಂಬಿದ್ದೆ. ಖಾತೆ ತೆಗ್ಯುವಾಗ ನನ್ನತ್ರ ಫೋನಿರ್ನಿಲ್ಲ, ಅವನ ನಂಬರೇ ಕೊಟ್ಟೆ. ಅಜ್ಜಿಗೆ ಯೋಳ್ಬ್ಯಾಡಿ, ಓದು ಬುಡುಸ್ತದೆ.” ಅವಳು ಬೀದಿಯ ತುದಿಯ ಕಡೆ ನೋಡಿದಳು.

“ದುಡ್ಡು ಬಿದ್ದಾಗ್ಲೆಲ್ಲ ಬಂದು ಕಿತ್ಕಂಡು, ಮೂರು ದಿನ ಮೇಲೇಳದಂಗೆ ಒಡೀತಿದ್ದ.”